ಎಳೆಯೋದು ಬೇರೆ, ಹೊರೋದು ಬೇರೆ: ಕ್ಯಾಂಪರ್ ಜೊತೆ ಬೈಕನ್ನೂ ಒಯ್ಯುವ ಗಾಡಿ ಹುಡುಕುವ ಮುಂಚೆ

ಸುಂಟಿಕೊಪ್ಪದ ಗೆಳೆಯನೊಬ್ಬ ಫೋನ್ ಮಾಡಿ, "ಕ್ಯಾಂಪರ್ ತಗೊಂಡೆ, ಈಗ ಅದನ್ನ ಎಳೆಯೋಕೆ ಒಂದು ಗಾಡಿ ನೋಡ್ತಿದ್ದೀನಿ" ಅಂದ. ನನಗೆ ತಲೆಬುಡ ಅರ್ಥವಾಗಲಿಲ್ಲ. ನಮ್ಮ ಕೊಡಗಿನಲ್ಲಿ ಕ್ಯಾಂಪರ್ ಅಂದರೆ ಬೊಲೆರೊ ಕ್ಯಾಂಪರ್. ಮುಂದೆ ಐದು ಜನ, ಹಿಂದೆ ಗೊಬ್ಬರದ ಮೂಟೆ. ಅದನ್ನ ಇನ್ನೊಂದು ಗಾಡಿ ಯಾಕೆ ಎಳೀಬೇಕು, ಕೆಟ್ಟು ನಿಂತಿದೆಯಾ ಅಂತ ಕೇಳಿದೆ. ಅವನು ಹೇಳಿದ್ದು ಬೇರೆ: ಚಕ್ರದ ಮೇಲಿನ ಪುಟ್ಟ ಮನೆ. ಒಳಗೆ ಹಾಸಿಗೆ, ಸಣ್ಣ ಅಡುಗೆಕಟ್ಟೆ, ನೀರಿನ ಟ್ಯಾಂಕ್. ಅದಕ್ಕೆ ಎಂಜಿನ್ ಇಲ್ಲ. ಕಾರು ಎಳೆದುಕೊಂಡು ಹೋದರೆ ಹೋಗುತ್ತದೆ, ಬಿಟ್ಟರೆ ನಿಲ್ಲುತ್ತದೆ.

ಆಮೇಲೆ ಒಂದು ಸಣ್ಣ ಸೇರಿಕೆ: "ಬೈಕೂ ಬೇಕು. ಕ್ಯಾಂಪರ್ ಒಂದು ಕಡೆ ನಿಲ್ಲಿಸಿ, ಬೈಕಲ್ಲಿ ಸುತ್ತೋದು."

ಕೇಳೋಕೆ ಚೆನ್ನಾಗಿದೆ. ಪಕ್ಕದ ಕೇರಳ 2021ರಲ್ಲಿ ಕ್ಯಾರವಾನ್ ಪ್ರವಾಸಕ್ಕೇ ಒಂದು ನೀತಿ ತಂದ ಮೇಲೆ ಈ ಆಸೆ ನಮ್ಮ ಕಡೆಯೂ ಹಬ್ಬಿದೆ. ಆದರೆ ಅವನ ಆ ಸಣ್ಣ ಸೇರಿಕೆಯೇ ಇಲ್ಲಿ ದೊಡ್ಡ ವಿಷಯ. ಬರೀ ಕ್ಯಾಂಪರ್ ಎಳೆಯೋಕೆ ಆಗುವ ಎಷ್ಟೋ ಗಾಡಿ ಬೈಕ್ ಸೇರಿದ ಕೂಡಲೇ ಆಗಲ್ಲ. ಯಾಕೆ ಅಂತ ಬುಡದಿಂದ ನೋಡೋಣ.

ಮೊದಲು ನಾಲ್ಕು ಪದ

ಷೋರೂಮಿನಲ್ಲಿ "ಈ ಗಾಡಿ ಎಷ್ಟು ಎಳೆಯುತ್ತೆ?" ಅಂತ ಕೇಳಿದರೆ ಸೇಲ್ಸ್ ಹುಡುಗ ಹಾರ್ಸ್‌ಪವರ್ ಹೇಳುತ್ತಾನೆ. ಅದು ಬೇಡ. ಬೇಕಾದ್ದು ತೂಕದ ಲೆಕ್ಕ.

ಕರ್ಬ್ ವೆಯ್ಟ್ ಅಂದರೆ ಡೀಸೆಲ್, ಆಯಿಲ್ ಎಲ್ಲ ತುಂಬಿದ, ಆದರೆ ಜನ ಮತ್ತು ಸಾಮಾನು ಇಲ್ಲದ ಗಾಡಿಯ ತೂಕ. ಗ್ರಾಸ್ ವೆಯ್ಟ್ ಅಂದರೆ ಜನ, ಸಾಮಾನು ಎಲ್ಲ ಸೇರಿ ಆ ಗಾಡಿ ಇರಬಹುದಾದ ಗರಿಷ್ಠ ತೂಕ. ಎರಡನೆಯದರಲ್ಲಿ ಮೊದಲನೆಯದನ್ನು ಕಳೆದರೆ ಉಳಿಯುವುದು ಪೇಲೋಡ್, ಅಂದರೆ ಗಾಡಿ ತನ್ನ ಬೆನ್ನ ಮೇಲೆ ಹೊರುವ ಭಾರ. ಎಳೆಯುವ ಭಾರ ಬೇರೆ. ಅದು ಟ್ರೇಲರಿನ ತೂಕ, ಅದರ ಬಹುಪಾಲನ್ನು ಟ್ರೇಲರಿನ ಚಕ್ರಗಳೇ ಹೊರುತ್ತವೆ.

ನಾಲ್ಕನೆಯದು ಜೋಡಿ ತೂಕ. ಗಾಡಿ, ಟ್ರೇಲರ್, ಜನ, ಬೈಕ್ ಎಲ್ಲ ಕೂಡಿ ಎಷ್ಟು ಮೀರಬಾರದು ಅನ್ನುವ ಮಿತಿ. ಕಂಪನಿಗಳು ಜಾಹೀರಾತಿನಲ್ಲಿ ಎಳೆಯುವ ತೂಕ ಹಾಕುತ್ತವೆ, ಇದನ್ನು ಸಾಮಾನ್ಯವಾಗಿ ಎತ್ತಿ ಹೇಳುವುದಿಲ್ಲ. ಉದಾಹರಣೆಗೆ, ಆಸ್ಟ್ರೇಲಿಯಾದಲ್ಲಿ ಟೊಯೋಟಾ ಹೈಲಕ್ಸ್ 3,500 ಕೆಜಿ ಟ್ರೇಲರ್ ಎಳೆಯಬಹುದು ಅಂತ ಹೆಸರು. ಆದರೆ ಗಾಡಿಯಲ್ಲೂ ಪೂರ್ತಿ ಸಾಮಾನು ತುಂಬಿಸಿಕೊಂಡು ಅಷ್ಟನ್ನೂ ಎಳೆಯೋಕೆ ಹೋದರೆ ಜೋಡಿ ತೂಕ ಅಡ್ಡ ಬರುತ್ತದೆ. ಒಂದು ಜಾಸ್ತಿ ಆದರೆ ಇನ್ನೊಂದು ಕಮ್ಮಿ ಆಗಲೇಬೇಕು. ಇನ್ನೊಂದು ಮಾತು, ಅಲ್ಲಿನ ಅಂಕಿಯನ್ನು ಇಲ್ಲಿಗೆ ತರುವ ಹಾಗಿಲ್ಲ. ಹೆಸರು ಒಂದೇ ಇದ್ದರೂ ಎಂಜಿನ್, ಸಸ್ಪೆನ್ಷನ್ ಬೇರೆ ಇರಬಹುದು. ನಿಮ್ಮ ಗಾಡಿಯ ಆರ್‌ಸಿ, ಕೈಪಿಡಿ, ಬಾಗಿಲ ಪಕ್ಕದ ಅಥವಾ ಬಾನೆಟ್ ಒಳಗಿನ ತಗಡು, ಇವು ಹೇಳಿದ್ದೇ ಲೆಕ್ಕ.

ಎತ್ತಿನ ಗಾಡಿಯ ಮೂಕಿ

ಎತ್ತಿನ ಗಾಡಿ ಹೊಡೆದವರಿಗೆ ಮುಂದಿನ ವಿಷಯ ಹೇಳಿಕೊಡಬೇಕಾಗಿಲ್ಲ. ಗಾಡಿಗೆ ಮೂಟೆ ಹೇರುವಾಗ ಭಾರ ತೀರಾ ಮುಂದಾದರೆ ಎತ್ತಿನ ಹೆಗಲು ಕುಸಿಯುತ್ತದೆ. ಹಿಂದಾದರೆ ಮೂಕಿ, ಅಂದರೆ ಗಾಡಿಯಿಂದ ನೊಗದವರೆಗೆ ಚಾಚಿದ ಮರ, ಮೇಲೇಳುತ್ತದೆ, ನೊಗದ ಹಗ್ಗ ಎತ್ತಿನ ಕತ್ತು ಹಿಸುಕುತ್ತದೆ. ಅದಕ್ಕೇ ಹಿರಿಯರು ಹೇರಿದ ಮೇಲೆ ಒಮ್ಮೆ ಮೂಕಿ ಎತ್ತಿ ನೋಡುತ್ತಿದ್ದರು. ಸ್ವಲ್ಪ ಮುಂಭಾರ ಇರಬೇಕು, ಜಾಸ್ತಿ ಅಲ್ಲ.

ಕ್ಯಾಂಪರ್ ಟ್ರೇಲರ್ ಕೂಡ ಅದೇ ಗಾಡಿ, ಎತ್ತಿನ ಜಾಗದಲ್ಲಿ ಕಾರಿನ ಹಿಂದಿನ ಕೊಕ್ಕೆ. ಟ್ರೇಲರಿನ ಮೂತಿ ಆ ಕೊಕ್ಕೆಯ ಮೇಲೆ ಒತ್ತುವ ಭಾರಕ್ಕೆ ಟಂಗ್ ವೆಯ್ಟ್ ಅನ್ನುತ್ತಾರೆ. ನಾವು ಮೂಕಿ ಭಾರ ಅಂತಲೇ ಕರೆಯೋಣ. ಅಮೆರಿಕದಲ್ಲಿ ಇದು ಟ್ರೇಲರ್ ತೂಕದ ಶೇಕಡಾ 10ರಿಂದ 15 ಇರಲಿ ಅನ್ನುತ್ತಾರೆ. ಯುರೋಪಿನಲ್ಲಿ ಇನ್ನೂ ಕಮ್ಮಿ, 5ರಿಂದ 7. 900 ಕೆಜಿಯ ಕ್ಯಾಂಪರಿಗೆ 90 ಕೆಜಿ ಅಂತ ಇಟ್ಟುಕೊಂಡರೆ ಲೆಕ್ಕಕ್ಕೆ ಸುಲಭ. ಗಾಡಿಯ ಕೊಕ್ಕೆಗೂ ಇಷ್ಟೇ ಭಾರ ಅಂತ ಒಂದು ಮಿತಿ ಇರುತ್ತದೆ, ಅದನ್ನು ಮೀರುವ ಹಾಗಿಲ್ಲ.

ಈ 90 ಕೆಜಿಯನ್ನು ಹೊರುವುದು ಟ್ರೇಲರ್ ಅಲ್ಲ, ನಿಮ್ಮ ಗಾಡಿ. ಅಂದರೆ ಅದು ಪೇಲೋಡಿನ ಲೆಕ್ಕಕ್ಕೆ ಹೋಗುತ್ತದೆ. ಎಳೆಯುವುದೂ ಹೊರುವುದೂ ಇಲ್ಲೇ ಒಂದಾಗುವುದು. ಬೈಕ್ ಬಂದಾಗ ಲೆಕ್ಕ ಕೆಡುವುದೂ ಇಲ್ಲೇ.

ಬೈಕ್ ಎಲ್ಲಿ ಕೂರಬೇಕು?

ಹಿಮಾಲಯನ್ 450 ಸುಮಾರು 196 ಕೆಜಿ. ಬುಲೆಟ್ 350 ಕೂಡ ಅಷ್ಟೇ, 195. ಅಂದರೆ 50 ಕೆಜಿಯ ನಾಲ್ಕು ಮೂಟೆ ಕಾಫಿ. ನಾಲ್ಕು ಮೂಟೆ ಯಾವ ದೊಡ್ಡ ಭಾರ ಅಂತ ಅನ್ನಿಸಬಹುದು. ಆದರೆ ಮೂಟೆಯನ್ನು ಹಂಚಿ ಇಡಬಹುದು, ಬೈಕನ್ನು ಹಂಚೋಕೆ ಆಗಲ್ಲ. ಅದು ಇರುವುದು ಒಂದೇ ಕಡೆ. ಆ ಜಾಗಕ್ಕೆ ಮೂರು ಆಯ್ಕೆ.

ಒಂದು, ಕ್ಯಾಂಪರಿನ ಹಿಂಬದಿ. ನೋಡೋಕೆ ಸಲೀಸು, ಹತ್ತಿಸಿ ಇಳಿಸೋಕೂ ಸಲೀಸು. ಲೆಕ್ಕ ಮಾತ್ರ ಕೆಟ್ಟದ್ದು. ಕೊಕ್ಕೆಯಿಂದ ಟ್ರೇಲರಿನ ಆಕ್ಸಲ್‌ಗೆ, ಅಂದರೆ ಚಕ್ರದ ಅಚ್ಚಿಗೆ, 3 ಮೀಟರ್ ಅಂತ ಇಟ್ಟುಕೊಳ್ಳಿ. ಆಕ್ಸಲ್‌ನಿಂದ 2 ಮೀಟರ್ ಹಿಂದೆ 200 ಕೆಜಿ ಬೈಕ್ ನಿಲ್ಲಿಸಿದರೆ, ಮುಂದುಗಡೆ ಮೂಕಿಯ ಭಾರ 200ರ ಮೂರನೇ ಎರಡು ಪಾಲು, ಅಂದರೆ ಸುಮಾರು 133 ಕೆಜಿ ಇಳಿಯುತ್ತದೆ. ಇದ್ದದ್ದು 90. ಈಗ ಮೂಕಿ ಕೊಕ್ಕೆಯನ್ನು ಒತ್ತುವುದಿಲ್ಲ, 43 ಕೆಜಿ ಬಲದಲ್ಲಿ ಮೇಲಕ್ಕೆ ಎತ್ತುತ್ತದೆ. ಎತ್ತಿನ ಕತ್ತು ಹಿಸುಕುವ ಗಾಡಿ ಇದೇ.

ಇದರ ರುಚಿ ನಾನು ಒಮ್ಮೆ ನೋಡಿದ್ದೇನೆ. ಶೆಡ್ಡಿನಲ್ಲಿ ಮಾಡಿಸಿದ ಒಂದು ಟ್ರೇಲರನ್ನು ಎರವಲು ತಂದು, ಜೀಪಿಗೆ ಕಟ್ಟಿ, ಹಿಂದಿನ ತುದಿಯಲ್ಲಿ ಬೈಕ್ ನಿಲ್ಲಿಸಿಕೊಂಡು ಕುಶಾಲನಗರಕ್ಕೆ ಹೊರಟಿದ್ದೆ. ಆನೆಕಾಡಿನ ಹತ್ತಿರ ರಸ್ತೆ ನೇರವಾಗುತ್ತದೆ, ಕಾಲು ತಾನಾಗಿಯೇ ಒತ್ತುತ್ತದೆ. 60 ದಾಟಿರಬೇಕು. ಕನ್ನಡಿಯಲ್ಲಿ ಬೈಕಿನ ಹ್ಯಾಂಡಲ್ ಒಮ್ಮೆ ಎಡಗಡೆ ಕಾಣಿಸಿತು, ಆಮೇಲೆ ಬಲಗಡೆ, ಮತ್ತೆ ಎಡಗಡೆ. ನಾಯಿ ಬಾಲ ಆಡಿಸಿದ ಹಾಗೆ, ಪ್ರತಿ ಸಲವೂ ಸ್ವಲ್ಪ ಜಾಸ್ತಿ. ಜೀಪಿನ ಸ್ಟಿಯರಿಂಗ್ ಕೈಯಲ್ಲಿ ಹಗುರವಾಯಿತು. ಬ್ರೇಕ್ ಒತ್ತಬೇಕು ಅನ್ನಿಸಿತು, ಕಾಲು ಮಾತ್ರ ಆಕ್ಸಿಲೇಟರಿನಿಂದ ಮೇಲೆದ್ದಿತ್ತು ಅಷ್ಟೆ. ಅದೃಷ್ಟ, ಅದೇ ಸರಿಯಾದ ಕೆಲಸ. ಟ್ರೇಲರ್ ತೂಗಾಡುವಾಗ ಗಾಡಿಯ ಬ್ರೇಕ್ ಜೋರಾಗಿ ಒತ್ತಿದರೆ ಹಿಂದಿನ ಭಾರ ಗಾಡಿಯನ್ನೇ ಅಡ್ಡ ನೂಕುತ್ತದೆ. ಸ್ಟಿಯರಿಂಗ್ ನೆಟ್ಟಗೆ ಹಿಡಿದು ವೇಗ ತಾನಾಗಿ ಇಳಿಯೋಕೆ ಬಿಡಬೇಕು. ಟ್ರೇಲರಿಗೆ ಬೇರೆ ಬ್ರೇಕ್ ಇದ್ದು, ಕೈಯಿಂದ ಹಾಕುವ ಹಾಗಿದ್ದರೆ, ಅದೊಂದನ್ನೇ ಮೆಲ್ಲಗೆ ಹಾಕಬೇಕು. ಅವತ್ತು ಬದಿಗೆ ನಿಲ್ಲಿಸಿ, ಬೈಕ್ ಇಳಿಸಿ, ಉಳಿದ ದಾರಿ ಅದನ್ನು ತಮ್ಮ ಓಡಿಸಿಕೊಂಡು ಬಂದ.

ಎರಡನೆಯ ಜಾಗ, ಕ್ಯಾಂಪರಿನ ಮುಂದೆ, ಮೂಕಿಯ ತ್ರಿಕೋನ ಚೌಕಟ್ಟಿನ ಮೇಲೆ, ಆಕ್ಸಲ್‌ಗಿಂತ 2 ಮೀಟರ್ ಮುಂದೆ. ತೂಗಾಟ ಇಲ್ಲ. ಆದರೆ ಅದೇ 133 ಕೆಜಿ ಈಗ ಕೂಡುತ್ತದೆ. 90 ಇದ್ದದ್ದು 223. ಕೊಕ್ಕೆ ಗಾಡಿಯ ಹಿಂದಿನ ಆಕ್ಸಲ್‌ಗಿಂತ 1.2 ಮೀಟರ್ ಹಿಂದಿದೆ, ಮುಂದಿನ ಹಿಂದಿನ ಚಕ್ರಗಳ ನಡುವೆ 3 ಮೀಟರ್ ಇದೆ ಅಂತ ಇಟ್ಟುಕೊಂಡರೆ, ಹಿಂದಿನ ಆಕ್ಸಲ್ ಮೇಲೆ 312 ಕೆಜಿ ಬೀಳುತ್ತದೆ, ಮುಂದಿನದರಿಂದ ಸುಮಾರು 89 ಕೆಜಿ ಎದ್ದು ಹೋಗುತ್ತದೆ. ಮಕ್ಕಳ ಏತದ ಆಟದ ಹಾಗೆ. ಹೆಡ್‌ಲೈಟ್ ಮರದ ತುದಿ ನೋಡುತ್ತದೆ. ಮುಂದಿನ ಚಕ್ರದ ಹಿಡಿತ ಕಮ್ಮಿ ಆಗುತ್ತದೆ. ತಿರುಗಿಸುವುದೂ, ಬ್ರೇಕಿನ ಹೆಚ್ಚು ಪಾಲೂ ಅದೇ ಚಕ್ರದ ಕೆಲಸ ಅಲ್ವಾ.

ಮೂರನೆಯದು, ಗಾಡಿಯ ಮೇಲೆಯೇ. ಅಂದರೆ ಪಿಕಪ್ ಬೇಕು. ಭಾರ ಹೆಚ್ಚುಕಮ್ಮಿ ಹಿಂದಿನ ಆಕ್ಸಲ್ ನೆತ್ತಿಯ ಮೇಲೇ ಕೂರುತ್ತದೆ, ಏತದ ಆಟ ಇಲ್ಲ, ಮೂಕಿ ಭಾರ 90 ಆಗಿಯೇ ಉಳಿಯುತ್ತದೆ. ನನ್ನ ಕೇಳಿದರೆ ಇದೇ ಸರಿ. ಆದರೂ ಒಂದು ಕೊಂಕು ಇದೆ, ಅದನ್ನು ಟೇಪ್ ಹಿಡಿದು ನೋಡಬೇಕು. ಐದು ಜನರ ಪಿಕಪ್‌ನ ಬೆಡ್, ಅಂದರೆ ಸಾಮಾನು ಹೇರುವ ಹಿಂದಿನ ತೊಟ್ಟಿಯ ಉದ್ದ ಸುಮಾರು ಒಂದೂವರೆ ಮೀಟರ್. ಹಿಮಾಲಯನ್ ಉದ್ದ ಎರಡು ಮೀಟರಿಗಿಂತ ಜಾಸ್ತಿ. ಮುಂದಿನ ಚಕ್ರವನ್ನು ಕ್ಯಾಬಿನ್‌ಗೆ ಒತ್ತಿ ನಿಲ್ಲಿಸಿದರೂ ಹಿಂದಿನ ಚಕ್ರ ತೆರೆದ ಬಾಗಿಲ ಮೇಲೆ ಕೂರುತ್ತದೆ. ಆ ಬಾಗಿಲು ಅಷ್ಟು ಭಾರ ತಡೆಯಬೇಕು. ಜೊತೆಗೆ ತಿರುವಿನಲ್ಲಿ ಕ್ಯಾಂಪರಿನ ಮೂತಿ ಆ ಬಾಗಿಲಿಗೋ ಬೈಕಿನ ಮಡ್‌ಗಾರ್ಡಿಗೋ ಬಡಿಯಬಾರದು. ಬಯಲಿನಲ್ಲಿ ಒಮ್ಮೆ ಸ್ಟಿಯರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ, ಇನ್ನೊಬ್ಬರನ್ನು ಕೆಳಗೆ ನಿಲ್ಲಿಸಿ ನೋಡಿಸಿ.

ಕ್ಯಾಂಪರಿನ ಒಳಗೇ, ಆಕ್ಸಲ್ ಮೇಲೆ ಬೈಕ್ ನಿಲ್ಲಿಸುವ ಮಾದರಿಗಳೂ ಹೊರದೇಶದಲ್ಲಿವೆ. ಲೆಕ್ಕಕ್ಕೆ ಅವು ಬಹಳ ಒಳ್ಳೆಯವು. ಆದರೆ ಟ್ರೇಲರ್ ದೊಡ್ಡದಾಗುತ್ತದೆ, ಮಲಗುವ ಕೋಣೆಯಲ್ಲಿ ಪೆಟ್ರೋಲ್ ವಾಸನೆ ಇರುತ್ತದೆ.

ಹತ್ತೋದಲ್ಲ, ಇಳಿಯೋದು

ಎಲ್ಲರಿಗೂ ಏರಿನದ್ದೇ ಚಿಂತೆ. ಏರು ಹತ್ತೋಕೆ ಎಷ್ಟು ಶಕ್ತಿ ಬೇಕು? ಗಾಡಿ, ಜನ, ಕ್ಯಾಂಪರ್, ಬೈಕ್ ಎಲ್ಲ ಸೇರಿ 3,400 ಕೆಜಿ ಅನ್ನೋಣ. 15 ಮೀಟರ್ ಹೋದರೆ 1 ಮೀಟರ್ ಏರುವ ರಸ್ತೆ. ಅಂದರೆ ತೂಕದ ಹದಿನೈದನೇ ಒಂದು ಪಾಲು, ಸುಮಾರು 227 ಕೆಜಿ, ಸದಾ ಹಿಂದಕ್ಕೆ ಜಗ್ಗುತ್ತಿರುತ್ತದೆ. ಟೈರಿನ ಎಳೆತವೂ ಸೇರಿ ಗಂಟೆಗೆ 30 ಕಿ.ಮೀ. ವೇಗದಲ್ಲಿ ಹತ್ತೋಕೆ ಚಕ್ರಕ್ಕೆ 30 ಹಾರ್ಸ್‌ಪವರ್ ಸಾಕು. 60ರಲ್ಲಿ ಹತ್ತಬೇಕು ಅಂದರೆ ಗಾಳಿಯ ತಡೆಯೂ ಸೇರಿ 70ರ ಹತ್ತಿರ ಬೇಕು. 75 ಹಾರ್ಸ್‌ಪವರಿನ ಬೊಲೆರೊ ಕೂಡ ಮೆಲ್ಲಗೆ ಹತ್ತುತ್ತದೆ, ಓಡಿ ಹತ್ತುವುದಿಲ್ಲ, ಅಷ್ಟೇ ವ್ಯತ್ಯಾಸ. ಕಡಿಮೆ ಆರ್‌ಪಿಎಂನಲ್ಲೇ ಜಾಸ್ತಿ ಟಾರ್ಕ್, ಅಂದರೆ ತಿರುಗಿಸುವ ಬಲ, ಕೊಡುವ ಡೀಸೆಲ್ ಎಂಜಿನ್ ಇದ್ದರೆ ಕ್ಲಚ್ ಸುಡುವ ವಾಸನೆ ಇಲ್ಲದೆ ತಿರುವಿನಲ್ಲಿ ಎತ್ತಿಕೊಳ್ಳುತ್ತದೆ.

ಈಗ ಇಳಿಜಾರು. ಮಡಿಕೇರಿ ಇರುವುದು ಸುಮಾರು 1,150 ಮೀಟರ್ ಎತ್ತರದಲ್ಲಿ. ಸಂಪಾಜೆ ಘಾಟಿ ಇಳಿದು ಸುಳ್ಯ ಮುಟ್ಟುವಷ್ಟರಲ್ಲಿ ಸಾವಿರ ಮೀಟರ್ ಕೆಳಗೆ ಬಂದಿರುತ್ತೀರಿ. 3,400 ಕೆಜಿ ಸಾವಿರ ಮೀಟರ್ ಇಳಿದರೆ ಹೊರಬರುವ ಶಕ್ತಿ ಎಷ್ಟು ಗೊತ್ತಾ? ಮಡಿಕೇರಿಯ ತಣ್ಣೀರು ನೂರು ಲೀಟರ್ ಕುದಿಸುವಷ್ಟು. ಬಚ್ಚಲ ಹಂಡೆ ತುಂಬ ನೀರು ಕುದಿಯೋಕೆ ಎಷ್ಟು ಸೌದೆ ಬೇಕು ಅಂತ ನಮಗೆ ಗೊತ್ತು. ಆ ಬೆಂಕಿಯ ಒಂದು ಪಾಲನ್ನು ಟೈರು, ಗಾಳಿ ತಿನ್ನುತ್ತವೆ. ಉಳಿದದ್ದು ಎಂಜಿನ್‌ಗೆ ಹೋಗಬೇಕು, ಇಲ್ಲಾ ಬ್ರೇಕಿಗೆ. ನೀವು ಟಾಪ್ ಗೇರಿನಲ್ಲಿ ಬ್ರೇಕ್ ಒತ್ತಿಕೊಂಡೇ ಇಳಿದರೆ ಅಂಗೈಯಗಲದ ಬ್ರೇಕ್ ಪ್ಯಾಡ್‌ಗಳು ಅದಷ್ಟನ್ನೂ ತಡೆಯಬೇಕು. ಕಾದ ಪ್ಯಾಡ್ ಹಿಡಿಯುವುದಿಲ್ಲ. ಮೊದಲು ವಾಸನೆ ಬರುತ್ತದೆ, ಆಮೇಲೆ ಪೆಡಲ್ ಒಳಗೆ ಹೋಗುತ್ತದೆ.

ಹಳೆಯ ಲಾರಿ ಡ್ರೈವರುಗಳು ಹೇಳುವುದು ಇದನ್ನೇ: ಹತ್ತಿದ ಗೇರಿನಲ್ಲೇ ಇಳಿ. ಎಂಜಿನ್ ತಾನೇ ಹಿಡಿದು ನಿಲ್ಲಿಸುತ್ತದೆ. ಆಟೊಮ್ಯಾಟಿಕ್ ಗಾಡಿಯಾದರೆ ಕೈಯಿಂದ ಕೆಳಗಿನ ಗೇರ್ ಹಾಕುವ ಅನುಕೂಲ ಇರಲೇಬೇಕು. ಫೋರ್ ಬೈ ಫೋರ್ ಗಾಡಿಯ ಲೋ ಗೇರ್ ಸಹ ಕೆಲಸಕ್ಕೆ ಬರುವುದು ಕೆಸರಿನ, ತೀರಾ ಕಡಿದಾದ ತೋಟದ ದಾರಿಯಲ್ಲಿ. ಟಾರ್ ರಸ್ತೆಯಲ್ಲಿ ಅದು ಬೇಡ.

ಟ್ರೇಲರಿಗೆ ಅದರದ್ದೇ ಬ್ರೇಕ್ ಬೇಕು. ಯುರೋಪ್, ಆಸ್ಟ್ರೇಲಿಯಾದಲ್ಲಿ 750 ಕೆಜಿ ಮೀರಿದರೆ ಇದು ಕಡ್ಡಾಯ. ಎರಡು ಬಗೆ ಇವೆ. ಓವರ್‌ರನ್ ಬ್ರೇಕಿನಲ್ಲಿ, ಗಾಡಿ ನಿಧಾನವಾದಾಗ ಟ್ರೇಲರ್ ಹಿಂದಿನಿಂದ ಒತ್ತುತ್ತದೆ, ಆ ಒತ್ತಡವೇ ಒಂದು ಸರಳನ್ನು ಎಳೆದು ಬ್ರೇಕ್ ಹಾಕುತ್ತದೆ. ವೈರಿಂಗ್ ರಗಳೆ ಇಲ್ಲ. ಆದರೆ ಉದ್ದ ಘಾಟಿಯಲ್ಲಿ ಟ್ರೇಲರ್ ಒತ್ತುತ್ತಲೇ ಇರುವುದರಿಂದ ಬ್ರೇಕ್ ಹಿಡಿದೇ ಇರುತ್ತದೆ, ಬಿಸಿಯಾಗುತ್ತದೆ. ಎಲೆಕ್ಟ್ರಿಕ್ ಬ್ರೇಕಿಗೆ ಕ್ಯಾಬಿನ್ನಿನಲ್ಲಿ ಒಂದು ಕಂಟ್ರೋಲರ್ ಬೇಕು. ದುಬಾರಿ. ಆದರೆ ಅದನ್ನು ಕೈಯಿಂದಲೂ ಹಾಕಬಹುದು. ಆನೆಕಾಡಿನಲ್ಲಿ ನನಗೆ ಬೇಕಿದ್ದದ್ದು ಅದೇ.

ಹಾಗಾದರೆ ಯಾವ ಗಾಡಿ?

ಲೆಕ್ಕ ಹಾಕಿ. ನಾಲ್ಕು ಜನ 280 ಕೆಜಿ, ಬೈಕ್ 200, ಮೂಕಿ ಭಾರ 90, ರ‍್ಯಾಂಪ್ ಮತ್ತು ಕಟ್ಟುವ ಸಾಮಾನು 30, ಬ್ಯಾಗು 50. ಒಟ್ಟು 650 ಕೆಜಿ ಪೇಲೋಡ್. ಏಳು ಸೀಟಿನ ಎಸ್‌ಯುವಿ ಅಂದರೆ ಏಳು ಜನರ ಲೆಕ್ಕ, ಸುಮಾರು 490 ಕೆಜಿ, ಅದರ ಮೇಲೆ ಸ್ವಲ್ಪ ಸಾಮಾನು. 650 ಅಲ್ಲಿ ಕೂರುವುದು ಕಷ್ಟ. ಇಬ್ಬರೇ ಹೋಗುವುದಾದರೆ 510, ಆಗ ಕೂರಬಹುದು. ಆದರೆ ಎಸ್‌ಯುವಿಯಲ್ಲಿ ಬೈಕ್ ಇಡೋದೆಲ್ಲಿ? ಕೊಕ್ಕೆಯ ಜಾಗ ಕ್ಯಾಂಪರಿಗೆ ಹೋಯಿತು. ಉಳಿದದ್ದು ಕ್ಯಾಂಪರಿನ ಮುಂದೆ ಅಥವಾ ಹಿಂದೆ, ಎರಡರ ಕಥೆಯೂ ಆಗಲೇ ಹೇಳಿದೆ. ಅದಕ್ಕೇ ಫಾರ್ಚುನರ್, ಸ್ಕಾರ್ಪಿಯೊ ಎನ್ ತರದ ಗಟ್ಟಿ ಗಾಡಿಗಳು ಬರೀ ಕ್ಯಾಂಪರಿಗೆ ಚೆನ್ನಾಗಿದ್ದರೂ ಈ ಕೆಲಸಕ್ಕೆ ಒಂದು ಮೆಟ್ಟಿಲು ಕೆಳಗೆ ಬರುತ್ತವೆ.

ಪಿಕಪ್‌ಗಳಲ್ಲಿ ಹೈಲಕ್ಸ್ ಮತ್ತು ಇಸುಜು ವಿ-ಕ್ರಾಸ್ ಮುಂದೆ ಬರುತ್ತವೆ. ಹೈಲಕ್ಸ್‌ನದ್ದು 2.8 ಲೀಟರ್ ಡೀಸೆಲ್, ಆಟೊಮ್ಯಾಟಿಕ್‌ನಲ್ಲಿ 500 ನ್ಯೂಟನ್ ಮೀಟರ್ ಟಾರ್ಕ್. ವಿ-ಕ್ರಾಸ್‌ನದ್ದು 1.9 ಲೀಟರ್, 360. ಎಳೆಯುವ ಶಕ್ತಿಯಲ್ಲಿ ಎರಡೂ ನಮ್ಮ ಲೆಕ್ಕಕ್ಕೆ ಬೇಕಾದಷ್ಟು. ಆದರೆ ಖಾಸಗಿ ನೋಂದಣಿಯ ಪಿಕಪ್‌ನಲ್ಲಿ ಕಣ್ಣಿಗೆ ಕಾಣುವ ಬೆಡ್‌ಗೂ ಕಾಗದದ ಮೇಲಿನ ಪೇಲೋಡಿಗೂ ತಾಳೆ ಇರುತ್ತದೆ ಅಂತ ನಂಬಬೇಡಿ. ಕೊಳ್ಳುವ ಮುಂಚೆ ಆ ಮಾದರಿಯ ಗ್ರಾಸ್ ವೆಯ್ಟ್ ಕೇಳಿ ಬರೆದುಕೊಳ್ಳಿ. ಬೊಲೆರೊ ಕ್ಯಾಂಪರ್ ಒಂದು ಟನ್ ಹೊರುತ್ತದೆ, ಹೊರುವ ವಿಷಯದಲ್ಲಿ ಅದು ಗಟ್ಟಿ. ಎಳೆಯುವುದರಲ್ಲಿ ನಿಧಾನ. ಹೊರೋದು ಬೇರೆ, ಎಳೆಯೋದು ಬೇರೆ ಅನ್ನೋದಕ್ಕೆ ಇಷ್ಟು ಚೆನ್ನಾದ ಉದಾಹರಣೆ ನಮ್ಮ ಅಂಗಳದಲ್ಲೇ ನಿಂತಿದೆ.

ಇನ್ನೆರಡು ವಿಷಯ ನೋಡಿ. ಗಾಡಿಗೆ ಲ್ಯಾಡರ್ ಫ್ರೇಮ್ ಇರಲಿ, ಅಂದರೆ ಕೆಳಗೆ ಏಣಿಯಂಥ ಕಬ್ಬಿಣದ ಚೌಕಟ್ಟು. ಕೊಕ್ಕೆಯನ್ನು ಅದಕ್ಕೆ ನೇರ ಬಿಗಿಯಬಹುದು. ಎರಡನೆಯದು, ಎಂಜಿನ್ ಹಿಂದಿನ ಚಕ್ರಗಳನ್ನು ತಿರುಗಿಸುವ ಗಾಡಿ ಇರಲಿ, ಇಲ್ಲಾ ನಾಲ್ಕನ್ನೂ ತಿರುಗಿಸಲಿ. ಮೂಕಿ ಭಾರ ಮುಂದಿನ ಚಕ್ರವನ್ನು ಹಗುರ ಮಾಡುತ್ತದೆ ಅಂದೆನಲ್ಲ, ಮುಂದಿನ ಚಕ್ರದಲ್ಲೇ ಎಳೆಯುವ ಗಾಡಿ ಜೂನ್ ತಿಂಗಳ ಪಾಚಿ ಕಟ್ಟಿದ ಏರಿನಲ್ಲಿ ಸುಮ್ನೆ ಚಕ್ರ ತಿರುಗಿಸುತ್ತಾ ನಿಲ್ಲುತ್ತದೆ. ಇನೋವಾ ಕ್ರಿಸ್ಟಾ ಹಿಂದಿನ ಚಕ್ರದ್ದು, ಹೈಕ್ರಾಸ್ ಮುಂದಿನ ಚಕ್ರದ್ದು. ಹೆಸರು ಒಂದೇ, ಸ್ವಭಾವ ಬೇರೆ.

ಗಾಡಿ ಬದಲಿಸೋಕೆ ದುಡ್ಡು ಇಲ್ಲ ಅಂದರೆ ಬೈಕ್ ಬದಲಿಸಿ. ಸ್ಪ್ಲೆಂಡರ್ 112 ಕೆಜಿ. ಹಳೆಯ ಆರ್‌ಎಕ್ಸ್ 100 ಇನ್ನೂ ಹಗುರ, 103. ಅರ್ಧದಷ್ಟು ಭಾರ ಒಂದೇ ಏಟಿಗೆ ಕಮ್ಮಿ. ನಮ್ಮೂರಲ್ಲಿ ಆರ್‌ಎಕ್ಸ್ ಇಟ್ಟುಕೊಂಡವರು ಅದನ್ನು ಕೊಡ್ತಾರಾ ಅನ್ನೋದು ಬೇರೆ ಪ್ರಶ್ನೆ.

ಕಾಗದ ಪತ್ರ

1988ರ ಮೋಟಾರು ವಾಹನ ಕಾಯ್ದೆಯಲ್ಲಿ ಮೋಟಾರು ವಾಹನ ಅಂದರೆ ಟ್ರೇಲರೂ ಸೇರಿ. ಅಂದರೆ ಟ್ರೇಲರಿಗೆ ಬೇರೆ ನೋಂದಣಿ, ಬೇರೆ ನಂಬರ್ ಪ್ಲೇಟ್ ಬೇಕು. ವಿಮೆಯನ್ನೂ ಕೇಳಿ ಮಾಡಿಸಿ. ಶೆಡ್ಡಿನಲ್ಲಿ ವೆಲ್ಡ್ ಮಾಡಿಸಿದ್ದಕ್ಕೆ ಇದು ಸುಲಭವಾಗಿ ಸಿಗುವುದಿಲ್ಲ, ಕೊಳ್ಳುವ ಮುಂಚೆಯೇ ಮಡಿಕೇರಿಯ ಆರ್‌ಟಿಒದಲ್ಲಿ ಕೇಳಿಕೊಳ್ಳಿ. ಕೊಕ್ಕೆ ಹಾಕಿಸುವುದನ್ನೂ ಅಲ್ಲೇ ಕೇಳಿ. ತೂಕ ಮೀರಿದರೆ 2019ರ ತಿದ್ದುಪಡಿಯ ಪ್ರಕಾರ 20,000 ರೂಪಾಯಿ ದಂಡ, ಮೀರಿದ ಪ್ರತಿ ಟನ್‌ಗೆ ಇನ್ನೂ 2,000.

ತೂಗಿ ನೋಡೋದು

ಕ್ಯಾಂಪರ್ ಮಾರುವವರು ಹೇಳುವುದು ಖಾಲಿ ತೂಕ. 60 ಲೀಟರ್ ನೀರು ತುಂಬಿದರೆ 60 ಕೆಜಿ. ಅಡುಗೆ ಮನೆಯ ತುಂಬಿದ ಸಿಲಿಂಡರ್ 30ರ ಹತ್ತಿರ. ಬ್ಯಾಟರಿ, ಕುರ್ಚಿ, ಪಾತ್ರೆ ಎಲ್ಲ ಸೇರಿ 700 ಇದ್ದದ್ದು 900 ಆಗೋಕೆ ಹೊತ್ತು ಬೇಡ. ಕುಶಾಲನಗರದ ಕಡೆ ಲಾರಿ ತೂಗುವ ವೇಬ್ರಿಡ್ಜ್ ಇವೆ. ಪ್ರವಾಸಕ್ಕೆ ಹೊರಟ ಹಾಗೆಯೇ ಎಲ್ಲ ತುಂಬಿಸಿಕೊಂಡು ಹೋಗಿ, ಮೊದಲು ಇಡೀ ಜೋಡಿ, ಆಮೇಲೆ ಗಾಡಿ ಮಾತ್ರ, ಆಮೇಲೆ ಗಾಡಿಯ ಹಿಂದಿನ ಚಕ್ರ ಮಾತ್ರ ಹತ್ತಿಸಿ ಮೂರು ಚೀಟಿ ತಗೊಳ್ಳಿ.

ಮೂಕಿ ಭಾರಕ್ಕೆ ಅಲ್ಲಿಗೆ ಹೋಗಬೇಕಿಲ್ಲ. ಗೆಳೆಯನ ಮನೆಯಲ್ಲಿ ಕರಿಮೆಣಸು ತೂಗುವ ಪ್ಲಾಟ್‌ಫಾರ್ಮ್ ತಕ್ಕಡಿ ಇತ್ತು. ಕಾಫಿ ಒಣಗಿಸುವ ಕಣದಲ್ಲಿ ಕ್ಯಾಂಪರ್ ಮಟ್ಟಸವಾಗಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ತಕ್ಕಡಿಯ ಮೇಲೆ ಒಂದು ಮರದ ತುಂಡು ನಿಲ್ಲಿಸಿ, ಮೂತಿಯನ್ನು ಅದರ ಮೇಲೆ ಇಳಿಸಿದೆವು. 61 ತೋರಿಸಿತು. 900ಕ್ಕೆ ಇದು ಕಮ್ಮಿ. ಒಳಗೆ ನೋಡಿದರೆ ಗ್ಯಾಸ್ ಸಿಲಿಂಡರ್ ಆಕ್ಸಲ್‌ನಿಂದ ಒಂದು ಮೀಟರ್ ಹಿಂದೆ, ಅಡುಗೆಕಟ್ಟೆಯ ಕೆಳಗೆ ಇತ್ತು. ಅದನ್ನು ಹೊರಗೆ ತಂದು, ಮೂಕಿಯ ತ್ರಿಕೋನದ ಮೇಲೆ, ಆಕ್ಸಲ್‌ಗಿಂತ ಎರಡು ಮೀಟರ್ ಮುಂದೆ ಇಟ್ಟು ಕಟ್ಟಿದೆವು. ತಕ್ಕಡಿ 91ಕ್ಕೆ ಬಂದು ನಿಂತಿತು. ಅವನ ಅಮ್ಮ ಮೆಣಸಿನ ಚೀಲ ಹಿಡಿದು ಕಾಯುತ್ತಿದ್ದರು, ತಕ್ಕಡಿ ಖಾಲಿ ಮಾಡಿಕೊಟ್ಟೆವು.